ಬರ್ಮಿಂಗ್‌ಹ್ಯಾಮ್ ಜೈಲಿನ ಪತ್ರ: ಇಷ್ಟು ಮರ್ಯಾದೆಯ ಮಾತಿಗೆ ಅಷ್ಟು ಬಲ ಎಲ್ಲಿಂದ ಬಂತು?

ಪ್ರಶ್ನೆ: ತುಂಗಾತೀರ

ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ನನಗೆ ಈ ಸೆಮಿಸ್ಟರಿನಲ್ಲಿ ಒಂದು ತೊಡಕು ಎದುರಾಗಿದೆ. ಅದನ್ನು ಇಲ್ಲಿನ ಹಿರಿಯರ ಮುಂದೆ, ಅದರಲ್ಲೂ ಅನುವಾದದಲ್ಲಿ ಕೈಯಾಡಿಸಿದವರ ಮುಂದೆ ಇಡಬೇಕೆನಿಸಿತು. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟು ಬಂಧನಕ್ಕೊಳಗಾದ ಮಾರ್ಟಿನ್ ಲೂಥರ್ ಕಿಂಗ್ ಅವರು, ಜೈಲಿನಿಂದಲೇ ಎಂಟು ಮಂದಿ ಬಿಳಿಯ ಧರ್ಮಗುರುಗಳನ್ನು ಉದ್ದೇಶಿಸಿ ಬರೆದ ದೀರ್ಘ ಪತ್ರವನ್ನು ತರಗತಿಯಲ್ಲಿ ಓದಿಸುತ್ತಿದ್ದೇನೆ. ಮಕ್ಕಳಲ್ಲಿ ಬಹುಪಾಲು ಕನ್ನಡ ಮಾಧ್ಯಮದಿಂದ ಬಂದವರಾದ್ದರಿಂದ ಪಾಠದ ಅರ್ಧ ಭಾಗ ಕನ್ನಡದಲ್ಲೇ ನಡೆಯುತ್ತದೆ.

ಪ್ರಶ್ನೆಪತ್ರಿಕೆಯ ರೂಢಿಯಂತೆ ಅರಿಸ್ಟಾಟಲ್ ಹೇಳಿದ ಮೂರು ಸಾಧನಗಳನ್ನು, ಎಂದರೆ ಮಾತನಾಡುವವನ ಮೇಲಿನ ನಂಬಿಕೆ, ಕೇಳುವವನ ಭಾವ ಮತ್ತು ಮಾತಿನೊಳಗಿನ ತರ್ಕ, ಇವನ್ನು ವಿವರಿಸಿ, ಪತ್ರದಲ್ಲಿ ಅವು ಎಲ್ಲೆಲ್ಲಿ ಬರುತ್ತವೆಯೋ ಗುರುತಿಸಿ ಎಂದೆ. ಮಕ್ಕಳು ಮೂರು ಬಣ್ಣದ ಪೆನ್ನುಗಳಲ್ಲಿ ಶ್ರದ್ಧೆಯಿಂದ ಗೆರೆ ಎಳೆದರು. ಪುಟಗಳೆಲ್ಲ ಹಬ್ಬದ ರಂಗೋಲಿಯಂತಾದವು. ಆ ಬರಹ ಓದುವವನ ಮನಸ್ಸನ್ನು ಹಿಡಿಯುವುದು ಏಕೆ ಎಂಬುದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ, ನಿಜ ಹೇಳಬೇಕೆಂದರೆ ನನಗೂ ವಿವರಿಸಲಾಗಲಿಲ್ಲ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಹೋರಾಟವೇ ಬೇಡ ಎಂದವರಿಗೆ ಇಷ್ಟೊಂದು ಮರ್ಯಾದೆ ಕೊಟ್ಟು ಬರೆಯುವುದು ಅಂಗಲಾಚಿದಂತೆ ಆಗಲಿಲ್ಲವೇ ಮೇಡಂ?" ಎಂದು ಕೇಳಿದ. ಇನ್ನೊಬ್ಬಳು, ಪತ್ರದ ನಡುವೆ ಬರುವ 300ಕ್ಕೂ ಹೆಚ್ಚು ಪದಗಳ ಆ ಒಂದೇ ವಾಕ್ಯವನ್ನು ತೋರಿಸಿ, ಇದನ್ನು ಕನ್ನಡಕ್ಕೆ ತಂದರೆ ಯಾರಾದರೂ ಕೊನೆಯವರೆಗೆ ಓದುತ್ತಾರೆಯೇ ಎಂದಳು. ಎರಡಕ್ಕೂ ನಾನು "ಮುಂದಿನ ವಾರ ನೋಡೋಣ" ಎಂದು ಹೇಳಿ ತಪ್ಪಿಸಿಕೊಂಡು ಬಂದಿದ್ದೇನೆ. ದಯವಿಟ್ಟು ತಿಳಿದವರು ತಿಳಿಸಿ.

ಉತ್ತರ: ನಿವೃತ್ತ ಮೇಷ್ಟ್ರು

ಮೇಡಂ, ಮೊದಲು ಆ ಮೂರು ಬಣ್ಣದ ಪೆನ್ನುಗಳನ್ನು ಚೀಲದೊಳಗೆ ಹಾಕಿಸಿ. ಬಳಿಕ ಪತ್ರವನ್ನು ಬದಿಗಿಟ್ಟು, ಅದಕ್ಕೆ ಕಾರಣವಾದ ಧರ್ಮಗುರುಗಳ ಹೇಳಿಕೆಯನ್ನು ಓದಿಸಿ. ಸವಾಲು ತಿಳಿಯದೆ ಜವಾಬನ್ನು ಮಾತ್ರ ಓದಿದರೆ ಅದು ಉಪದೇಶದಂತೆ ಕೇಳುತ್ತದೆ. ನಮ್ಮ ಪಠ್ಯಪುಸ್ತಕಗಳು ಬಹುತೇಕ ಮಾಡಿರುವುದು ಇದನ್ನೇ.

ಆ ಹೇಳಿಕೆ ಚಿಕ್ಕದು, ಸೌಮ್ಯವಾದದ್ದು. ಅದರ ದಿನಾಂಕ 1963ರ ಏಪ್ರಿಲ್ 12. ಶುಭ ಶುಕ್ರವಾರವಾದ ಅಂದೇ ಕಿಂಗ್ ಅವರ ಬಂಧನವೂ ಆಯಿತು. ಸಹಿ ಮಾಡಿದವರಲ್ಲಿ ಏಳು ಮಂದಿ ಕ್ರೈಸ್ತರು, ಒಬ್ಬರು ಯಹೂದಿ ರಬ್ಬಿ. ಇವರು ಜನಾಂಗದ್ವೇಷ ಕಾರುವ ಪುಢಾರಿಗಳಲ್ಲ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ಜಾರ್ಜ್ ವಾಲೇಸ್ ಅಲಬಾಮಾದ ರಾಜ್ಯಪಾಲನಾಗಿ ಅಧಿಕಾರ ಹಿಡಿದು, ಜನಾಂಗಗಳನ್ನು ಬೇರ್ಪಡಿಸಿಡುವ ವ್ಯವಸ್ಥೆ ಎಂದೆಂದಿಗೂ ಉಳಿಯಲಿ ಎಂದು ಘೋಷಿಸಿದ ಅದೇ ಜನವರಿಯಲ್ಲಿ, ನ್ಯಾಯಾಲಯದ ತೀರ್ಪುಗಳಿಗೆ ತಲೆಬಾಗಿ ಎಂದು ಬಿಳಿಯರಿಗೆ ಬುದ್ಧಿ ಹೇಳಿದ ಮನವಿಗೆ ಸಹಿ ಹಾಕಿದವರು ಇವರು. ಏಪ್ರಿಲ್‌ನಲ್ಲಿ ಅವರು ಹೇಳಿದ್ದಿಷ್ಟೇ: ಹೊರಗಿನವರು ಬಂದು ನಡೆಸುತ್ತಿರುವ ಈ ಪ್ರತಿಭಟನೆ ವಿವೇಕದ್ದಲ್ಲ, ಸಕಾಲಿಕವೂ ಅಲ್ಲ, ನಮ್ಮ ಊರಿನ ಕಪ್ಪುಜನರು ಇದಕ್ಕೆ ಬೆಂಬಲ ಕೊಡಬಾರದು, ಪೊಲೀಸರು ಶಾಂತವಾಗಿ ವರ್ತಿಸಿದ್ದಾರೆ. ಕಿಂಗ್ ಅವರ ಹೆಸರನ್ನು ಎತ್ತಲೇ ಇಲ್ಲ. ದೊಡ್ಡವರು ದೊಡ್ಡಸ್ತಿಕೆಯಿಂದ ಹೇಳುವ ಮಾತಿನ ಧಾಟಿ ನಿಮಗೆ ಗೊತ್ತೇ ಇದೆ.

ಈಗ ಪತ್ರವನ್ನು ತೆರೆಯಿರಿ. ಆಪಾದನೆಯ ಒಂದೊಂದೇ ಪದವನ್ನು ಕಿಂಗ್ ಎತ್ತಿಕೊಳ್ಳುತ್ತಾರೆ. ಬಹುತೇಕ ಎಲ್ಲೂ "ನಾನು ಅದಲ್ಲ" ಎಂದು ಕೈ ಕೊಡವುವುದಿಲ್ಲ. ಹೊರಗಿನವನು ಎಂದಿರಾ? ಇಲ್ಲಿನ ಸಂಘಟನೆಯೇ ಕರೆದದ್ದರಿಂದ ಬಂದೆ ಎಂಬ ವ್ಯಾವಹಾರಿಕ ಉತ್ತರ ಮೊದಲು, ಊರೂರು ಅಲೆದ ಸಂತ ಪೌಲನೂ ಹೊರಗಿನವನೇ ಆಗಿದ್ದ ಎಂಬುದು ಆಮೇಲೆ. ಉದ್ವಿಗ್ನತೆ ಹುಟ್ಟಿಸುತ್ತಿದ್ದೀರಿ ಎಂದಿರಾ? ಹೌದು, ಸಾಕ್ರೆಟಿಸ್ ಮನಸ್ಸುಗಳಲ್ಲಿ ಹುಟ್ಟಿಸಿದಂಥ ಉದ್ವಿಗ್ನತೆ. ಉಗ್ರಗಾಮಿ ಎಂದಿರಾ? ಮೊದಮೊದಲು ಬೇಸರವಾಯಿತು, ಯೋಚಿಸುತ್ತ ಹೋದಂತೆ ಸ್ವಲ್ಪ ಸಂತೋಷವೇ ಆಯಿತು, ಏಕೆಂದರೆ ಪ್ರೀತಿಯ ವಿಷಯದಲ್ಲಿ ಯೇಸುವಿಗಿಂತ ಉಗ್ರ ಯಾರಿದ್ದ? ಓದುತ್ತಿರುವವರು ಪಾದ್ರಿಗಳು. ಪೌಲನನ್ನೂ ಯೇಸುವನ್ನೂ ತಳ್ಳಿಹಾಕದೆ ಅವರು ಈ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಎದುರಾಳಿಯ ಮನೆಯ ದೇವರನ್ನೇ ಸಾಕ್ಷಿಗೆ ಕರೆದಂತಾಯಿತು.

ಇನ್ನು "ಸಕಾಲಿಕವಲ್ಲ" ಎಂಬ ಮಾತು. ಇಡೀ ಪತ್ರದ ತೂಕ ಬಿದ್ದಿರುವುದು ಇಲ್ಲಿ. ಆದರೆ ಇಲ್ಲಿಗೆ ಬರುವ ಮೊದಲು ಕಿಂಗ್ ಮಾಡಿರುವ ಸಿದ್ಧತೆಯನ್ನು ಗಮನಿಸಿ. ಹೋರಾಟಕ್ಕೆ ನಾಲ್ಕು ಹಂತಗಳಿವೆ ಎನ್ನುತ್ತಾರೆ: ಸತ್ಯಾಂಶಗಳ ಸಂಗ್ರಹ, ಮಾತುಕತೆ, ಆತ್ಮಶುದ್ಧಿ, ನೇರ ಕ್ರಮ. ಹಿಂದಿನ ಸೆಪ್ಟೆಂಬರ್‌ನಲ್ಲಿ ಅಂಗಡಿ ಮಾಲೀಕರು ಬಿಳಿಯರನ್ನೂ ಕಪ್ಪುಜನರನ್ನೂ ಬೇರ್ಪಡಿಸುವ ಅವಮಾನಕರ ಫಲಕಗಳನ್ನು ತೆಗೆಸುತ್ತೇವೆಂದು ಮಾತು ಕೊಟ್ಟದ್ದನ್ನು, ಕೆಲವು ಫಲಕಗಳು ಇಳಿದು ಮತ್ತೆ ಏರಿದ್ದನ್ನು ಹೇಳುತ್ತಾರೆ. ಮೇಯರ್ ಚುನಾವಣೆಗಾಗಿ ಒಮ್ಮೆ, ಅದರ ಎರಡನೆಯ ಸುತ್ತಿಗಾಗಿ ಮತ್ತೊಮ್ಮೆ, ಹೀಗೆ ಪ್ರತಿಭಟನೆಯನ್ನು ಮುಂದೂಡಿದ್ದನ್ನು ವಿವರಿಸುತ್ತಾರೆ. ಇವೆಲ್ಲ ಒಣ ವಿವರಗಳೆಂದು ಮಕ್ಕಳು ದಾಟಿಕೊಂಡು ಹೋಗುತ್ತಾರೆ. ಕಾಯಿರಿ ಎಂದವರಿಗೆ, ನಾವು ಎಷ್ಟು ಸಲ, ಯಾರ ಅನುಕೂಲಕ್ಕಾಗಿ ಕಾದೆವು ಎಂಬ ಲೆಕ್ಕ ಅದು. ಅದನ್ನು ಒಪ್ಪಿಸಿದ ಮೇಲೆಯೇ ಆ ಉದ್ದನೆಯ ವಾಕ್ಯ ಬರುತ್ತದೆ. ಸಿಟ್ಟು ತಾಳ್ಮೆಯ ಬೆನ್ನಿಗೆ ಬಂದಿರುವುದರಿಂದ ಓದುವವನಿಗೆ ಅದನ್ನು ದುಡುಕು ಎನ್ನಲಾಗುವುದಿಲ್ಲ.

ನಿಮ್ಮ ಹಿಂದಿನ ಬೆಂಚಿನ ಹುಡುಗನಿಗೆ ನನ್ನದೊಂದು ಉತ್ತರ ಇದೆ. ಆ ವಾಕ್ಯದಲ್ಲಿ ಕಿಂಗ್ ಎಣಿಸುವ ಅವಮಾನಗಳಲ್ಲಿ ಕೆಲವು ಕರೆಯುವ ರೀತಿಗೆ ಸೇರಿದವು. ಎಷ್ಟೇ ವಯಸ್ಸಾಗಿರಲಿ, ಕಪ್ಪು ಗಂಡಸು ಬಿಳಿಯರ ಬಾಯಲ್ಲಿ "ಹುಡುಗ". ಅವನ ಹೆಂಡತಿಗೂ ತಾಯಿಗೂ "ಮಿಸೆಸ್" ಎಂಬ ಗೌರವವಾಚಕ ಎಂದೂ ಸಿಗುವುದಿಲ್ಲ. ಇದನ್ನು ಹೇಳಿ ಮುಗಿಸಿ, ಇನ್ನೆರಡು ವಾಕ್ಯ ದಾಟುವುದರೊಳಗೆ, ಕಿಂಗ್ ಆ ಎಂಟು ಮಂದಿಯನ್ನು "ಮಹನೀಯರೇ" ಎಂದು ಕರೆದು, ನಮ್ಮ ಅಸಹನೆ ನಿಮಗೆ ಅರ್ಥವಾಗುತ್ತದೆಂದು ಆಶಿಸುತ್ತೇನೆ ಎನ್ನುತ್ತಾರೆ. ತನಗೂ ತನ್ನವರಿಗೂ ನಿರಾಕರಿಸಿದ ಮರ್ಯಾದೆಯನ್ನು ನಿರಾಕರಿಸಿದ ಸಮಾಜದ ಹಿರಿಯರಿಗೇ ಸಲ್ಲಿಸುವುದು ಅಂಗಲಾಚುವಿಕೆಯೇ? ಮರ್ಯಾದೆ ಎಂದರೆ ಹೀಗಿರುತ್ತದೆ ನೋಡಿ ಎಂದು ತೋರಿಸಿ ಕೊಟ್ಟಂತೆ ನನಗೆ ಕೇಳುತ್ತದೆ. ಆ ಹುಡುಗನಿಗೆ ಹಾಗೆ ಕೇಳಿಸದಿದ್ದರೆ ಬಲವಂತ ಬೇಡ. ಅವನ ಅನುಮಾನವೂ ಓದಿನ ಒಂದು ಭಾಗವೇ.

ಉತ್ತರ: ಸುದ್ದಿಮನೆ ಹಳಬ

ಮೇಷ್ಟ್ರ ಓದು ಸೊಗಸಾಗಿದೆ, ಆದರೂ ಒಂದು ತಕರಾರು. ಈ ಪತ್ರ ಯಾರ ಮನಸ್ಸನ್ನು ಯಾವಾಗ ಬದಲಿಸಿತು? ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಪತ್ರದ ಮೇಲಿರುವ ದಿನಾಂಕ ಏಪ್ರಿಲ್ 16. ಕಿಂಗ್ ಬಿಡುಗಡೆಯಾದದ್ದು 20ಕ್ಕೆ. ಮೇ 2ರಂದು ಶಾಲಾ ಮಕ್ಕಳು ಬೀದಿಗಿಳಿದರು. ಮರುದಿನ ನಗರದ ಸುರಕ್ಷಾ ಆಯುಕ್ತ ಬುಲ್ ಕಾನರ್ ಅವರ ಮೇಲೆ ಪೊಲೀಸ್ ನಾಯಿಗಳನ್ನು ಬಿಡಿಸಿ, ಅಗ್ನಿಶಾಮಕದ ನೀರಿನ ಕೊಳವೆಗಳನ್ನು ತಿರುಗಿಸಿದ. ಆ ಛಾಯಾಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಮೇ 10ರಂದು ವ್ಯಾಪಾರಿಗಳೊಡನೆ ಒಪ್ಪಂದವಾಯಿತು. ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಸೇವಾಸಂಸ್ಥೆಯೊಂದು ಪತ್ರವನ್ನು ಕಿರುಹೊತ್ತಿಗೆಯಾಗಿ ಹಂಚಿದ್ದು ಆ ಮೇ ತಿಂಗಳಲ್ಲಿ. ರಾಷ್ಟ್ರಮಟ್ಟದ ನಿಯತಕಾಲಿಕಗಳಲ್ಲಿ ಅದು ಬಂದದ್ದು ಜೂನ್ ಮತ್ತು ಆಗಸ್ಟ್‌ನಲ್ಲಿ. ಎಂದರೆ ಬರ್ಮಿಂಗ್‌ಹ್ಯಾಮಿನ ಅಂಗಡಿಕಾರರನ್ನು ಒಪ್ಪಿಸಿದ್ದು ಬಹಿಷ್ಕಾರದಿಂದ ಬರಿದಾದ ಗಲ್ಲಾಪೆಟ್ಟಿಗೆ ಮತ್ತು ಬೀದಿಗಿಳಿದ ಮಕ್ಕಳು. ಪತ್ರ ಆಮೇಲೆ ಬಂತು.

ಇನ್ನೊಂದು ಮಾತು. "ಜೈಲಿನಿಂದ" ಎಂಬುದು ನಿಜವೇ ಆದರೂ ಅದೂ ಒಂದು ಅಲಂಕಾರವಾಗಿ ಕೆಲಸ ಮಾಡಿದೆ. ಮೊದಲ ಪುಟಗಳನ್ನು ಪತ್ರಿಕೆಯ ಅಂಚುಗಳಲ್ಲಿ, ಕೈಗೆ ಸಿಕ್ಕ ಕಾಗದದ ಚೂರುಗಳಲ್ಲಿ ಬರೆದದ್ದು ಹೌದು. ವಕೀಲರ ಕೈಯಲ್ಲಿ ಹೊರಗೆ ಬಂದ ಆ ಚೂರುಗಳನ್ನು ಸಹೋದ್ಯೋಗಿ ವಯಟ್ ಟೀ ವಾಕರ್ ಮತ್ತು ಕಾರ್ಯದರ್ಶಿ ವಿಲ್ಲೀ ಪರ್ಲ್ ಮ್ಯಾಕಿ ಕೂಡಿಸಿ ಬೆರಳಚ್ಚು ಮಾಡಿದರು. 1964ರಲ್ಲಿ ಪುಸ್ತಕದೊಳಗೆ ಸೇರಿಸುವಾಗ ತಾನು ಅದನ್ನು ಸ್ವಲ್ಪ ಒಪ್ಪಗೊಳಿಸಿದ್ದೇನೆಂದು ಕಿಂಗ್ ಅವರೇ ಬರೆದಿದ್ದಾರೆ. ಇಕ್ಕಟ್ಟಾದ ಕೋಣೆಯಲ್ಲಿ ಒಬ್ಬನೇ ಕೂತವನು ಉದ್ದುದ್ದ ಪತ್ರ ಬರೆಯದೆ, ಉದ್ದುದ್ದ ಯೋಚನೆ, ಉದ್ದುದ್ದ ಪ್ರಾರ್ಥನೆ ಮಾಡದೆ ಇನ್ನೇನು ಮಾಡಿಯಾನು ಎಂದು ಕೊನೆಯಲ್ಲಿ ಕ್ಷಮೆ ಕೇಳುವ ಆ ಮಾತು ನನಗೆ ಬಹಳ ಇಷ್ಟ. ಅದು ಕ್ಷಮೆಯ ವೇಷ ತೊಟ್ಟ ಚುಚ್ಚುಮಾತು ಎಂದು ಸುದ್ದಿಮನೆಯಲ್ಲಿ ವರ್ಷಗಟ್ಟಲೆ ಕತ್ತರಿ ಹಿಡಿದ ನನಗೆ ಅನ್ನಿಸುತ್ತದೆ.

ಉತ್ತರ: ನಿವೃತ್ತ ಮೇಷ್ಟ್ರು

ತಾರೀಖುಗಳ ವಿಷಯದಲ್ಲಿ ನೀವು ಹೇಳಿದ್ದು ಸರಿ, ಒಪ್ಪುತ್ತೇನೆ. ಪತ್ರ ಒಪ್ಪಂದವನ್ನು ತಂದಿತು ಎಂದು ನಾನು ಹೇಳುವುದಿಲ್ಲ. ಆದರೆ ಆ ಬೇಸಿಗೆಯಲ್ಲಿ ನಾಯಿಗಳ ಚಿತ್ರವನ್ನು ನೋಡಿದ, ಅಮೆರಿಕದ ಉತ್ತರ ಭಾಗದ ಬಿಳಿಯ ಓದುಗನೊಬ್ಬ, "ಪಾಪ, ಅನ್ಯಾಯ, ಆದರೂ ಮಕ್ಕಳನ್ನು ಬೀದಿಗೆ ತರಬೇಕಿತ್ತೇ?" ಎಂದು ಕೇಳಿಕೊಂಡಿದ್ದರೆ, ಅವನ ಆ "ಆದರೂ" ಎಂಬ ಪದಕ್ಕೆ ಚಿತ್ರದಲ್ಲಿ ಉತ್ತರ ಇರಲಿಲ್ಲ. ಪತ್ರದಲ್ಲಿತ್ತು. ಎಂಟು ಮಂದಿಯ ವಿಳಾಸ ಹೊತ್ತಿದ್ದರೂ ಅದು ಬರೆದದ್ದು ಈ "ಆದರೂ" ಎನ್ನುವವನಿಗೆ. ಕಪ್ಪುಜನರ ದಾರಿಗೆ ದೊಡ್ಡ ಅಡ್ಡಿ ಬಿಳಿಯರ ಮೇಲ್ಮೆಗಾಗಿ ಹಿಂಸೆಗಿಳಿಯುವ ಕೂ ಕ್ಲಕ್ಸ್ ಕ್ಲಾನ್‌ನವನಲ್ಲ, ನ್ಯಾಯಕ್ಕಿಂತ ಶಿಸ್ತನ್ನು ಹೆಚ್ಚು ಪ್ರೀತಿಸುವ ಬಿಳಿಯ ಮಧ್ಯಮಮಾರ್ಗಿ ಎಂಬ ತೀರ್ಮಾನಕ್ಕೆ ತಾನು ಹೆಚ್ಚುಕಡಿಮೆ ಬಂದುಬಿಟ್ಟಿದ್ದೇನೆ ಎಂದು ಕಿಂಗ್ ಹೇಳುವಾಗ, ಆ "ಹೆಚ್ಚುಕಡಿಮೆ" ಎಂಬುದನ್ನು ಕೈಬಿಟ್ಟು ಓದಬೇಡಿ. ಬಾಗಿಲನ್ನು ಪೂರ್ತಿ ಮುಚ್ಚದೆ ಒಂದು ಅಂಗುಲ ತೆರೆದಿಟ್ಟಿರುವುದು ಆ ಪದ. ಓದುವವನು ತಾನು ಆ ಗುಂಪಿನವನಲ್ಲ ಎಂದು ತೋರಿಸಿಕೊಳ್ಳಲು ಆ ಸಂದಿಯಿಂದಲೇ ಒಳಗೆ ಬರಬೇಕು.

ಅದೇ ಉಸಿರಿನಲ್ಲಿ ಒಂದು ಎಚ್ಚರಿಕೆಯೂ ಇದೆ. ಅಹಿಂಸೆಯ ನಮ್ಮನ್ನು ನೀವು ಪುಂಡರೆಂದು ತಳ್ಳಿದರೆ, ಹತಾಶರಾದ ಲಕ್ಷಾಂತರ ಮಂದಿ, ಬಿಳಿಯರಿಂದ ಬೇರಾಗಬೇಕೆನ್ನುವ ಕಪ್ಪು ರಾಷ್ಟ್ರೀಯವಾದದ ಕಡೆ ಹೋಗುತ್ತಾರೆ ಎನ್ನುತ್ತಾರೆ. ವಿನಯದ ಒಳಗೆ ಇಂಥದ್ದೊಂದು ಸರಳು ಇರುವುದನ್ನು ಆ ಹುಡುಗನಿಗೆ ತೋರಿಸಿ.

ಉತ್ತರ: ಕನ್ನಡಿಸುವವಳು

ಎರಡನೆಯ ಪ್ರಶ್ನೆಗೆ ನನ್ನ ಪಾಲಿನ ಮಾತು. ಆ ಉದ್ದದ ವಾಕ್ಯವನ್ನು ಕನ್ನಡಿಸಲು ನಾನು ಮೂರು ಸಲ ಕೂತಿದ್ದೇನೆ, ಮೂರು ಸಲವೂ ಬೇರೆ ಬೇರೆ ರೀತಿಯಲ್ಲಿ ಸೋತಿದ್ದೇನೆ. ಸೋತ ಬಗೆಯಲ್ಲೇ ಆ ವಾಕ್ಯದ ಗುಟ್ಟು ತಿಳಿದದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯೆ ಬೇಗ ಬರುವುದು ಸಹಜ. ಕಿಂಗ್ ಅದನ್ನು ಬೇಕೆಂದೇ ತಡೆದು ಹಿಡಿಯುತ್ತಾರೆ. "ನೀವು ಹೀಗೆ ಕಂಡಾಗ" ಎಂಬ ಧಾಟಿಯ ಉಪವಾಕ್ಯಗಳು ಒಂದರ ಹಿಂದೊಂದು, ಅರ್ಧವಿರಾಮಗಳ ಮೇಲೆ ಕಾಲಿಡುತ್ತ ಬರುತ್ತವೆ. ಓದುವವನು ಪೂರ್ಣವಿರಾಮಕ್ಕಾಗಿ ಹಾತೊರೆಯುತ್ತಾನೆ, ಅದು ಸಿಗುವುದಿಲ್ಲ. ಕಾಯಿರಿ ಎಂದು ಹೇಳಿದವರನ್ನು ವಾಕ್ಯವೇ ಕಾಯಿಸುತ್ತದೆ. ಕೊನೆಗೆ ಬರುವುದು ಎಷ್ಟು ಸಣ್ಣ ಮಾತು! ಕಾಯುವುದು ನಮಗೆ ಏಕೆ ಕಷ್ಟ ಎಂಬುದು ಆಗ ನಿಮಗೆ ಅರ್ಥವಾಗುತ್ತದೆ, ಅಷ್ಟೇ. ಅಸಾಧ್ಯ ಎನ್ನುವುದಿಲ್ಲ, ಕಷ್ಟ ಎನ್ನುತ್ತಾರೆ.

ಕನ್ನಡದಲ್ಲಿ ತೊಂದರೆ ಏನೆಂದರೆ, ಕ್ರಿಯಾಪದಕ್ಕಾಗಿ ಕಾಯುವುದು ನಮ್ಮ ಓದುಗನಿಗೆ ಹುಟ್ಟಿನಿಂದ ಬಂದ ಅಭ್ಯಾಸ. ನಮ್ಮ ಪ್ರತಿ ವಾಕ್ಯವೂ ಕೊನೆಯ ಪದದವರೆಗೆ ಕಾಯಿಸುತ್ತದೆ. ಆದ್ದರಿಂದ ಇಂಗ್ಲಿಷ್ ಓದುಗನಿಗೆ ಉಸಿರು ಕಟ್ಟಿಸುವ ಆ ತಡೆ ಕನ್ನಡದ ಓದುಗನಿಗೆ ದೋಣಿಯಲ್ಲಿ ಕೂತು ಹೊಳೆ ದಾಟಿದಂತೆ ಹಾಯಾಗಿಬಿಡುವ ಅಪಾಯವಿದೆ.

ಮೊದಲ ಸಲ "ಯಾವಾಗ... ಯಾವಾಗ... ಆಗ" ಎಂದು ಹೊಸೆದೆ. ಅನುವಾದದ ವಾಸನೆ ಹೊಡೆಯಿತು. ಮನೆಯಲ್ಲಿ ಗಟ್ಟಿಯಾಗಿ ಓದಿ ನಾನೇ ನಕ್ಕೆ. ಎರಡನೆಯ ಸಲ "ಕಂಡು, ಕೇಳಿ, ಸಹಿಸಿ, ಮಲಗಿ" ಎಂದು ಕೃದಂತಗಳ ಸರಪಣಿ ಮಾಡಿದೆ. ಉಪವಾಕ್ಯಗಳಲ್ಲಿ ಹೆಚ್ಚಿನವುಗಳ ಕರ್ತೃ "ನೀವು" ಆಗಿರುವುದರಿಂದ ವ್ಯಾಕರಣ ಒಪ್ಪುತ್ತದೆ, ಕನ್ನಡವೂ ಸರಾಗವಾಗಿ ಹರಿಯುತ್ತದೆ. ಆದರೆ ಅರ್ಥ ಕೆಟ್ಟಿತು. "ಎದ್ದು, ಮಿಂದು, ಉಂಡು ಹೋದ" ಎಂದರೆ ಒಂದೇ ದಿನದಲ್ಲಿ ಒಂದಾದ ಮೇಲೊಂದು ನಡೆದು ಮುಗಿದ ಕೆಲಸಗಳು. ಕಿಂಗ್ ಹೇಳುತ್ತಿರುವುದು ಮುಗಿದ ಕಥೆಯಲ್ಲ, ದಿನವೂ ಆಗುತ್ತಿರುವುದು. ಮೂರನೆಯ ಸಲ ಉಪವಾಕ್ಯದ ಕೊನೆಗೆ "ಆಗ" ಎಂಬುದನ್ನೇ ಬಡಿಯುತ್ತ ಹೋದೆ: ಮನೋರಂಜನಾ ಉದ್ಯಾನಕ್ಕೆ ತನಗೇಕೆ ಪ್ರವೇಶವಿಲ್ಲವೆಂದು ಆರು ವರ್ಷದ ಮಗಳಿಗೆ ವಿವರಿಸಲು ಹೊರಟ ನಾಲಿಗೆ ತೊದಲುವಾಗ, ದೂರದ ಪಯಣದಲ್ಲಿ ಯಾವ ವಸತಿಗೃಹವೂ ಒಳಗೆ ಬಿಡದೆ ರಾತ್ರಿಯನ್ನು ಕಾರಿನ ಮೂಲೆಯಲ್ಲಿ ಮುದುಡಿ ಕಳೆಯುವಾಗ, ಹೀಗೆ. ಇಂಗ್ಲಿಷಿನಲ್ಲಿ ಉಪವಾಕ್ಯದ ತಲೆಯಲ್ಲಿದ್ದ ಪುನರಾವೃತ್ತಿ ಕನ್ನಡದಲ್ಲಿ ಬಾಲಕ್ಕೆ ಬಂತು. ನಮ್ಮ ವಚನಗಳಲ್ಲಿ ಸಾಲಿನ ಕೊನೆಗೆ ಒಂದೇ ಪ್ರತ್ಯಯ ಬಂದು ಬಂದು ಬಡಿಯುವುದನ್ನು ಕೇಳಿ ಬೆಳೆದ ಕಿವಿಗೆ ಇದು ಹೊಂದುತ್ತದೆ. ಆದರೂ ಸೋತೆ ಎಂದೆನಲ್ಲ, ಅದಕ್ಕೆ ಕಾರಣ ಬೇರೆ: ಹತ್ತನೆಯ "ಆಗ" ಬರುವ ಹೊತ್ತಿಗೆ ಅದು ತೊಟ್ಟಿಲು ತೂಗಿದಂತಾಗಿ, ಒಳಗಿನ ಇರಿತ ಮೊಂಡಾಯಿತು.

ಆಮೇಲೆ ವಾಕ್ಯದ ಒಳಗಿನ ಕ್ರಮ ಗಮನಕ್ಕೆ ಬಂತು. ಅದು ಗುಂಪುಗೂಡಿ ಕೊಲ್ಲುವವರಿಂದ, ಹೊಡೆದು ಕೊಲ್ಲುವ ಪೊಲೀಸರಿಂದ ಶುರುವಾಗುತ್ತದೆ. ಬಳಿಕ ಬಡತನ, ಬಳಿಕ ಮಗಳ ಕಣ್ಣೀರು, ಐದು ವರ್ಷದ ಮಗನ ಪ್ರಶ್ನೆ, ಕಾರಿನ ರಾತ್ರಿ, ಫಲಕ, ಹೆಸರು. ಕೊನೆಗೆ, ಮುಂದೇನಾಗುವುದೋ ಎಂದು ಸದಾ ತುದಿಗಾಲಲ್ಲಿ ನಿಂತು, ತಾನು ಯಾರೂ ಅಲ್ಲ ಎಂಬ ಕುಗ್ಗಿಸುವ ಭಾವದೊಡನೆ ಒಳಗೊಳಗೇ ಸೆಣಸುವ ಮನಸ್ಸು. ರಕ್ತದಿಂದ ಶುರುಮಾಡಿ, ಯಾರಿಗೂ ಕಾಣದ ಗಾಯದಲ್ಲಿ ನಿಲ್ಲಿಸುತ್ತಾರೆ. ಕೊಲೆಯನ್ನು ಖಂಡಿಸಲು ಆ ಧರ್ಮಗುರುಗಳಿಗೆ ಕಷ್ಟವಿರಲಿಲ್ಲ. ಫಲಕವನ್ನು, ಕರೆಯುವ ರೀತಿಯನ್ನು ಅವರು ದಿನವೂ ಕಂಡು ಸುಮ್ಮನಿದ್ದವರು. ಆದ್ದರಿಂದ ಸಣ್ಣದಾಗುತ್ತ ಹೋಗುವ ಈ ಪಟ್ಟಿ ಓದುವವನ ಹತ್ತಿರ ಹತ್ತಿರ ಬರುತ್ತ ಹೋಗುತ್ತದೆ. ಈಗ ನನ್ನ ಉಪಾಯ ಇಷ್ಟೇ: ಮೊದಲ ಉಪವಾಕ್ಯಗಳನ್ನು ಉದ್ದವಾಗಿ, ಹೆಸರಿನ ವಿಷಯ ಬರುವಲ್ಲಿ ತುಂಡುತುಂಡಾಗಿ ಮಾಡಿ ಲಯವನ್ನು ಮುರಿಯುವುದು.

"ಕಾಯಿರಿ" ಎಂಬುದಕ್ಕೆ ಬಂದರೆ, ಆ ಮಾತಿನ ಅರ್ಥ ಬಹುತೇಕ ಯಾವಾಗಲೂ "ಎಂದಿಗೂ ಇಲ್ಲ" ಎಂದೇ ಆಗಿತ್ತು ಎನ್ನುತ್ತಾರೆ ಕಿಂಗ್. ಇದನ್ನು ಕನ್ನಡದ ಮಕ್ಕಳಿಗೆ ವಿವರಿಸಲು ನಿಘಂಟು ಬೇಡ. "ಆಗಲಿ, ನೋಡೋಣ" ಎಂದರೆ ಏನರ್ಥ ಎಂದು ಕೇಳಿ. ನೀವೇ ಮೇಲೆ ಅದನ್ನು ಬಳಸಿದ್ದೀರಿ ಮೇಡಂ, ತಪ್ಪು ತಿಳಿಯಬೇಡಿ.

ತುಂಗಾತೀರ

ಸಿಕ್ಕಿಬಿದ್ದೆ! ಆ "ನೋಡೋಣ"ದಿಂದಲೇ ಮುಂದಿನ ಪಾಠ ಶುರುಮಾಡುತ್ತೇನೆ. ಒಂದು ಅನುಮಾನ: "ಹುಡುಗ" ಎಂದು ಕರೆಯುವ ಆ ಅವಮಾನವನ್ನು ಕನ್ನಡದಲ್ಲಿ "ಲೋ", "ಬಾರೋ" ಎಂದು ಏಕವಚನದಲ್ಲಿ ತರಬಹುದೇ? ನಮ್ಮ ಹಳ್ಳಿಗಳಲ್ಲಿ ಎಳೆಯ ಹುಡುಗರು ದಲಿತ ಕೇರಿಯ ಮುದುಕರನ್ನು ಏಕವಚನದಲ್ಲಿ ಕೂಗುತ್ತಿದ್ದುದನ್ನು ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಮನೆಯ ಹಿರಿಯರಿಂದ ಕೇಳಿ ಬಲ್ಲರು. ಕೆಲವರು ಕಣ್ಣಾರೆ ಕಂಡಿದ್ದಾರೆ.

ಕನ್ನಡಿಸುವವಳು

ಆ ಆಸೆ ನನಗೂ ಆಗಿತ್ತು. ಇಂಗ್ಲಿಷ್ ಒಂದು ಇಡೀ ಉಪವಾಕ್ಯ ಖರ್ಚು ಮಾಡಿ ಹೇಳುವುದನ್ನು ನಮ್ಮ ಕ್ರಿಯಾಪದ ಒಂದೇ ಪ್ರತ್ಯಯದಲ್ಲಿ ಹೇಳಿಬಿಡುತ್ತದೆ. ಆದರೆ ಅನುವಾದದಲ್ಲಿ ಹಾಗೆ ಮಾಡಿದರೆ ಅಲಬಾಮಾ ಹೋಗಿ ನಮ್ಮೂರಾಗುತ್ತದೆ. ಅಲ್ಲಿನ ಗುಲಾಮಗಿರಿಯ ಇತಿಹಾಸ, ದೊಡ್ಡವನನ್ನು ಎಂದಿಗೂ ದೊಡ್ಡವನಾಗಲು ಬಿಡದ ಆ "ಬಾಯ್" ಎಂಬ ಪದದ ವಿಶೇಷ ಕ್ರೌರ್ಯ ಮರೆಯಾಗುತ್ತದೆ. ನಾನು "ಎಷ್ಟೇ ವಯಸ್ಸಾಗಿದ್ದರೂ ನಿಮ್ಮ ಹೆಸರು 'ಹುಡುಗ' ಎಂದೇ ಆಗಿರುವಾಗ" ಎಂದು ಇಟ್ಟುಕೊಂಡಿದ್ದೇನೆ. ಏಕವಚನದ ಮಾತನ್ನು ಪಾಠದಲ್ಲಿ ಹೇಳಿ, ಪಠ್ಯದಲ್ಲಿ ಬೇಡ. ಹೋಲಿಕೆ ನಮ್ಮ ಆವಿಷ್ಕಾರವೇನೂ ಅಲ್ಲ. 1959ರಲ್ಲಿ ಭಾರತಕ್ಕೆ ಬಂದಿದ್ದ ಕಿಂಗ್ ಅವರನ್ನು ತಿರುವನಂತಪುರದ ಶಾಲೆಯೊಂದರ ಮುಖ್ಯಸ್ಥರು, ಅಮೆರಿಕದಿಂದ ಬಂದಿರುವ ನಮ್ಮಂಥದೇ ಅಸ್ಪೃಶ್ಯರು ಎಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ತನಗೆ ಕಸಿವಿಸಿಯಾಯಿತು, ಆಮೇಲೆ ಹೌದಲ್ಲ ಎನಿಸಿತು ಎಂದು ಕಿಂಗ್ 1965ರ ಪ್ರವಚನವೊಂದರಲ್ಲಿ ನೆನೆದಿದ್ದಾರೆ. ಆ ಕಸಿವಿಸಿಯನ್ನೂ ಮಕ್ಕಳಿಗೆ ಹೇಳಿ.

ಉತ್ತರ: ಕರಿಕೋಟು

ವೃತ್ತಿಯಿಂದ ವಕೀಲನಾದ ನನಗೆ ಪತ್ರದ ಕಾನೂನಿನ ಭಾಗವನ್ನು ಯಾರೂ ಮುಟ್ಟದೆ ಬಿಟ್ಟದ್ದು ಸ್ವಲ್ಪ ಬೇಸರ. ನ್ಯಾಯವಲ್ಲದ ಕಾನೂನು ಯಾವುದು ಎಂಬುದಕ್ಕೆ ಕಿಂಗ್ ಒಂದು ವ್ಯಾಖ್ಯೆಗೆ ನಿಲ್ಲುವುದಿಲ್ಲ. ಕ್ರೈಸ್ತ ಸಂತರಾದ ಅಗಸ್ಟೀನ್, ಅಕ್ವಿನಾಸ್ ಅವರನ್ನು ಹಿಡಿದು ದೇವರ ನಿಯಮಕ್ಕೆ ಹೊಂದದ್ದು ಎನ್ನುತ್ತಾರೆ. ಯಹೂದಿ ಚಿಂತಕ ಮಾರ್ಟಿನ್ ಬ್ಯೂಬರ್‌ನನ್ನು ಹಿಡಿದು ಮನುಷ್ಯನನ್ನು ವಸ್ತುವಿನ ಮಟ್ಟಕ್ಕೆ ಇಳಿಸುವುದು ಎನ್ನುತ್ತಾರೆ. ಆಮೇಲೆ ಯಾವ ಪಂಡಿತರ ಹೆಸರೂ ಇಲ್ಲದೆ, ಬಹುಸಂಖ್ಯಾತರು ಇತರರ ಮೇಲೆ ಹೇರಿ ತಾವು ಪಾಲಿಸದಿರುವುದು, ಮತದ ಹಕ್ಕಿಲ್ಲದವರ ಮೇಲೆ ಹೇರಿದ್ದು ಎನ್ನುತ್ತಾರೆ. ಸಹಿ ಹಾಕಿದವರಲ್ಲಿ ಕ್ಯಾಥೊಲಿಕ್ ಬಿಷಪ್ಪರೊಬ್ಬರೂ ಇದ್ದರು, ರಬ್ಬಿಯೂ ಇದ್ದರು ಎಂಬುದನ್ನು ನೆನೆದರೆ ಯಾವ ಬಾಗಿಲನ್ನು ಯಾರಿಗಾಗಿ ತಟ್ಟಿದ್ದಾರೆಂದು ತಿಳಿಯುತ್ತದೆ. ಕೊನೆಯದು ಯಾವ ದೇವರನ್ನೂ ನಂಬದವನಿಗೆ.

ವಾದದ ನಿಜವಾದ ಬಲ ಮಾತ್ರ ಇದರ ಮುಂದಿನ ಷರತ್ತಿನಲ್ಲಿದೆ. ಮುರಿಯುವವನು ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆಗೆ ಸಿದ್ಧನಾಗಿ ಮುರಿಯಬೇಕು. ಬೀದಿಯಲ್ಲಿ ಸುಖವಾಗಿ ನಿಂತು ಇದನ್ನು ಹೇಳಿದ್ದರೆ ಬರೀ ಮಾತಾಗುತ್ತಿತ್ತು. ಸುದ್ದಿಮನೆಯವರು ಜೈಲನ್ನು ಅಲಂಕಾರವೆಂದರು. ನಾನಾದರೆ ಅದನ್ನು ಸಾಕ್ಷ್ಯವೆನ್ನುತ್ತೇನೆ, ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ ದಾಖಲೆ ಸಮೇತ.

ಒಂದು ತಕರಾರು ನನ್ನದೂ ಇದೆ. ಹಿಟ್ಲರನು ಜರ್ಮನಿಯಲ್ಲಿ ಮಾಡಿದ್ದೆಲ್ಲ ಕಾನೂನುಬದ್ಧವಾಗಿತ್ತು ಎಂಬ ಉದಾಹರಣೆ ಅಂದಿಗೆ ಹರಿತವಾಗಿದ್ದಿರಬೇಕು, ಯುದ್ಧ ಮುಗಿದು ಇನ್ನೂ 18 ವರ್ಷವಾಗಿತ್ತಷ್ಟೆ. ಇಂದು ಎಲ್ಲ ಪಕ್ಷದವರೂ ಎಲ್ಲದಕ್ಕೂ ಅದನ್ನೇ ಎಳೆದು ತರುವುದರಿಂದ ಸವೆದ ನಾಣ್ಯವಾಗಿದೆ. ಮಕ್ಕಳು ಪ್ರಬಂಧದಲ್ಲಿ ಅದನ್ನು ಅನುಕರಿಸದಂತೆ ನೋಡಿಕೊಳ್ಳಿ.

ಮೆರವಣಿಗೆಗೆ ಪರವಾನಗಿ ಬೇಕೆಂಬ ನಿಯಮದಲ್ಲಿ ತಪ್ಪೇನಿಲ್ಲ, ಅದನ್ನು ಜನಾಂಗಭೇದ ಉಳಿಸಲು ಬಳಸಿದಾಗ ಅನ್ಯಾಯವಾಗುತ್ತದೆ ಎಂದು ಪತ್ರದಲ್ಲಿ ಒಂದು ಮಾತು ಬರುತ್ತದೆ. ಪಾಠ ಮಾಡುವವರು ಇದರ ಮುಂದಿನ ಕಥೆಯನ್ನೂ ಹೇಳಬೇಕು. ಮೆರವಣಿಗೆಯನ್ನು ತಡೆದ ನ್ಯಾಯಾಲಯದ ಆಜ್ಞೆಯನ್ನು ಮೀರಿದ್ದಕ್ಕಾಗಿ ಕಿಂಗ್ ಮತ್ತು ಜೊತೆಯವರಿಗೆ ಆದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1967ರಲ್ಲಿ 5-4ರ ಬಹುಮತದಿಂದ ಎತ್ತಿಹಿಡಿಯಿತು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದು ಮೂರು ವರ್ಷವಾಗಿದ್ದ ಕಿಂಗ್ ಆ ವರ್ಷದ ಕೊನೆಯ ಭಾಗದಲ್ಲಿ ಮತ್ತೆ ಅಲಬಾಮಾದ ಜೈಲಿಗೆ ಹೋಗಿ ಕೂತರು. ಅದೇ ಪರವಾನಗಿ ನಿಯಮವನ್ನು ಬರ್ಮಿಂಗ್‌ಹ್ಯಾಮಿನ ನಾಯಕ ಫ್ರೆಡ್ ಶಟಲ್ಸ್‌ವರ್ತ್ ಪ್ರಶ್ನಿಸಿದ್ದ ಇನ್ನೊಂದು ಮೊಕದ್ದಮೆಯಲ್ಲಿ ಅದೇ ಕೋರ್ಟ್ 1969ರ ಮಾರ್ಚ್‌ನಲ್ಲಿ ಶಿಕ್ಷೆಯನ್ನು ರದ್ದುಗೊಳಿಸಿತು. ಅಷ್ಟು ಹೊತ್ತಿಗೆ ಕಿಂಗ್ ಕೊಲೆಯಾಗಿ ಹನ್ನೊಂದು ತಿಂಗಳಾಗಿತ್ತು.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ಮೊದಲ ಅವಧಿಯಲ್ಲಿ ಧರ್ಮಗುರುಗಳ ಹೇಳಿಕೆಯನ್ನು ಮಾತ್ರ ಹಂಚುತ್ತೇನೆ, ಪತ್ರವನ್ನು ಚೀಲದಿಂದ ತೆಗೆಯಗೊಡುವುದಿಲ್ಲ. ಈ ಎಂಟು ಮಂದಿಗೆ ನೀವಾದರೆ ಹೇಗೆ ಉತ್ತರ ಬರೆಯುತ್ತೀರಿ ಎಂದು ಒಂದು ಪುಟ ಬರೆಸುತ್ತೇನೆ. ಹಿಂದಿನ ಬೆಂಚಿನ ಹುಡುಗ ಆ ಎಂಟು ಮಂದಿಯನ್ನು ಏಕವಚನದಲ್ಲಿ ಕರೆಯುತ್ತಾನೋ ಬಹುವಚನದಲ್ಲಿ ಕರೆಯುತ್ತಾನೋ ನೋಡಬೇಕೆಂಬ ಕುತೂಹಲ ಇದೆ. ಅವನು ಬರೆದದ್ದನ್ನು, ಅವನು ಒಪ್ಪಿದರೆ, ಇಲ್ಲಿ ಹಾಕುತ್ತೇನೆ.